ಬಾಯಿಮಾತಿನಿಂದ ಆಫ್ರಿಕಾದ ಚರ್ಚ್ ಇತಿಹಾಸ: ಘಾನಾದ ಅಕ್ರೊಪಾಂಗ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಗೋಲ್ಡ್ ಕೋಸ್ಟ್ (ಬ್ರಿಟಿಷರ ಕಾಲದಲ್ಲಿ ಘಾನಾಕ್ಕಿದ್ದ ಹೆಸರು) ಮತ್ತು ಅದರ ಉತ್ತರದ ಅಶಾಂಟೆ ರಾಜ್ಯದ ಇತಿಹಾಸದ ಒಂದು ಇಂಗ್ಲಿಷ್ ಪುಸ್ತಕ ಹೊರಬಂತು. ಬರೆದವರು ಕಾರ್ಲ್ ಕ್ರಿಶ್ಚಿಯನ್ ರೈಂಡಾರ್ಫ್. ಇಂದಿನ ಘಾನಾದ ಕರಾವಳಿಯ ಗಾ ಜನರ ನಡುವೆ ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದವರು. ಕಾಗದಪತ್ರ ಸಿಗದ ಕಡೆ ಅವರು ಜನರನ್ನೇ ಹುಡುಕಿಕೊಂಡು ಹೋದರು. ಹೆಂಗಸರು ಗಂಡಸರು ಸೇರಿ ಇನ್ನೂರಕ್ಕೂ ಹೆಚ್ಚು ಜನರ ಬಾಯಿಂದ ಕೇಳಿ ಬರೆದರು. ಆಗ ಟೇಪ್ ರೆಕಾರ್ಡರ್ ಇಲ್ಲ, ವಿಶ್ವವಿದ್ಯಾಲಯದ ಬೆಂಬಲವೂ ಇಲ್ಲ. ಮೌಖಿಕ ಪರಂಪರೆಯನ್ನು ಇತಿಹಾಸಕ್ಕೆ ಹೇಗೆ ಬಳಸಬೇಕು ಅನ್ನುವುದರ ಮೇಲೆ ಬೆಲ್ಜಿಯಂನ ಯಾನ್ ವಾನ್ಸಿನಾ ತಮ್ಮ ಪುಸ್ತಕ ತಂದದ್ದು 1961ರಲ್ಲಿ. ಅದಕ್ಕಿಂತ ಅರವತ್ತಾರು ವರ್ಷ ಮೊದಲೇ ಈ ಕೆಲಸ ಒಬ್ಬ ಆಫ್ರಿಕನ್ ಪಾದ್ರಿಯ ಕೈಯಲ್ಲಿ ಮುಗಿದಿತ್ತು.

ಕನ್ನಡದವರಿಗೆ ಈ ಮಿಷನ್ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದಕ್ಕೂ ಆರು ವರ್ಷ ಮೊದಲು, 1828ರ ಡಿಸೆಂಬರಿನಲ್ಲಿ, ಗೋಲ್ಡ್ ಕೋಸ್ಟಿನಲ್ಲಿ ಕಾಲಿಟ್ಟಿತ್ತು. ಕಿಟ್ಟೆಲ್ ಕನ್ನಡ ನಿಘಂಟು 1894ರಲ್ಲಿ ಬಂತು. ಅದೇ ಮಿಷನ್ನಿನ ಕ್ರಿಸ್ಟಾಲರ್ ಅವರು ಘಾನಾದ ಟ್ವಿ ಭಾಷೆಗೆ ಮಾಡಿದ ನಿಘಂಟು 1881ರಲ್ಲೇ ಬಂದಿತ್ತು. ಹಾಗಾಗಿ ಇಲ್ಲಿ ಆ ಮಿಷನ್ನಿನಿಂದಲೇ ಬೆಳೆದ ಘಾನಾದ ಪ್ರೆಸ್ಬಿಟೇರಿಯನ್ ಚರ್ಚನ್ನೇ, ಅದರಲ್ಲೂ ಆಕ್ರಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಗುಡ್ಡದ ಮೇಲಿರುವ ಅಕ್ರೊಪಾಂಗ್ ಊರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2028ಕ್ಕೆ ಆ ಚರ್ಚಿಗೆ 200 ವರ್ಷ. ಇಂಥ ವರ್ಷಗಳಲ್ಲಿ ಎಲ್ಲರೂ ಕಥೆ ಕೇಳಲು ಹೊರಡುತ್ತಾರೆ. ಸರಿಯಾಗಿ ಕೇಳುವವರು ಕಡಿಮೆ.

ಮೊದಲು ಲೆಕ್ಕ ಹಾಕಿ: ನೆನಪು ಎಲ್ಲಿವರೆಗೆ ಹೋಗುತ್ತದೆ?

ಇವತ್ತು 90 ವರ್ಷದ ಅಜ್ಜಿ ಹುಟ್ಟಿದ್ದು 1930ರ ದಶಕದಲ್ಲಿ. ಅವರ ಸ್ವಂತ ನೆನಪು ಸುಮಾರು 1940ರಿಂದ ಶುರುವಾಗುತ್ತದೆ. ಅವರಿಗೆ ಕಥೆ ಹೇಳಿದ ಅಜ್ಜಿ 1870ರ ಆಚೀಚೆ ಹುಟ್ಟಿರಬಹುದು. ಅಂದರೆ ಒಬ್ಬರ ಮುಂದೆ ಕೂತರೆ ನಿಮಗೆ ಎರಡು ಬೇರೆ ವಸ್ತು ಸಿಗುತ್ತವೆ: ಅವರು ಕಣ್ಣಾರೆ ಕಂಡದ್ದು, ಮತ್ತು ಹಿಂದಿನವರಿಂದ ಕೇಳಿದ್ದು. ಮೊದಲನೆಯದು ಮೌಖಿಕ ಇತಿಹಾಸ, ಎರಡನೆಯದು ಮೌಖಿಕ ಪರಂಪರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೂರನೆಯದೂ ಒಂದಿದೆ. ಅದೇ ಜಾಸ್ತಿ ತೊಂದರೆ ಕೊಡುವುದು: ಓದಿದ್ದು. ಚರ್ಚಿನ ಜುಬಿಲಿ ಪುಸ್ತಿಕೆ, ಸಂಡೇ ಸ್ಕೂಲ್ ಪಾಠ, ರೇಡಿಯೋ ಕಾರ್ಯಕ್ರಮ, ರೈಂಡಾರ್ಫ್ ಅವರ ಪುಸ್ತಕವೇ ಕೂಡ, ಜನರ ಬಾಯಿಗೆ ಹೋಗಿ ಮತ್ತೆ 'ನಮ್ಮಜ್ಜ ಹೇಳಿದ್ದು' ಅಂತ ಹೊರಬರುತ್ತವೆ. ಸುಳ್ಳು ಹೇಳಬೇಕು ಅಂತ ಯಾರೂ ಹೇಳುವುದಿಲ್ಲ. ನೆನಪು ಇರುವುದೇ ಹಾಗೆ.

ಆದ್ದರಿಂದ ನೋಟ್‌ಬುಕ್ಕಿನ ಅಂಚಿನಲ್ಲಿ ಪ್ರತಿ ಮಾತಿನ ಪಕ್ಕ ಒಂದು ಅಕ್ಷರ ಹಾಕಿ: 'ಕಂ' ಅಂದರೆ ಕಂಡದ್ದು, 'ಕೇ' ಅಂದರೆ ಕೇಳಿದ್ದು, 'ಓ' ಅಂದರೆ ಓದಿದ್ದು. ಗೊತ್ತಾಗದಿದ್ದರೆ ಅಲ್ಲೇ ಕೇಳಿ: 'ಇದನ್ನು ನಿಮಗೆ ಯಾರು ಹೇಳಿದ್ದು? ಆಗ ನೀವು ಎಷ್ಟು ದೊಡ್ಡವರಿದ್ರಿ?' ಈ ಒಂದು ಅಭ್ಯಾಸ ಬಂದರೆ ಅರ್ಧ ಕೆಲಸ ಆದ ಹಾಗೆ.

ಪ್ರಶ್ನೆ ಚಿಕ್ಕದಿರಲಿ

'ಘಾನಾದ ಚರ್ಚ್ ಇತಿಹಾಸ' ಅಂತ ಹೊರಟರೆ ಏನೂ ಸಿಗುವುದಿಲ್ಲ. ಒಂದು ಸಭೆ (ಅಂದರೆ ಒಂದು ಊರಿನ ಚರ್ಚಿಗೆ ಸೇರಿದ ಜನ), ಒಂದು ಕಾಲ, ಒಂದು ಪ್ರಶ್ನೆ ಸಾಕು. ಉದಾಹರಣೆಗೆ: 1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನರಿಗಳನ್ನು ಗೋಲ್ಡ್ ಕೋಸ್ಟಿನಿಂದ ಹೊರಗೆ ಕಳಿಸಿತು. ಅಲ್ಲಿಂದ ಸ್ಕಾಟ್ಲೆಂಡಿನ ಮಿಷನ್ ಬಂದು ಹೊಣೆ ಹೊರುವವರೆಗೆ ಸಭೆಗಳನ್ನು ನಡೆಸಿದವರು ಯಾರು? ಹಳ್ಳಿಯಲ್ಲಿ ಬೋಧನೆ ಮಾಡುವ ಉಪದೇಶಿಗಳಾ, ಹಿರಿಯರಾ, ಹೆಂಗಸರಾ? ಇದನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಆದರೆ ಅವರ ಮೊಮ್ಮಕ್ಕಳಿದ್ದಾರೆ, ಮತ್ತು 'ನಮ್ಮ ತಾತ ಚರ್ಚಿನ ಕೀಲಿ ಇಟ್ಟುಕೊಂಡಿದ್ದ' ಅನ್ನುವಂಥ ಮಾತು ಮನೆಯೊಳಗೆ ಬಹಳ ಕಾಲ ಉಳಿಯುತ್ತದೆ.

ಹೋಗುವ ಮೊದಲು ಕಾಗದ ಓದಿ

ಬಾಯಿಮಾತಿನ ಇತಿಹಾಸ ಅಂದರೆ ಕಾಗದ ಬೇಡ ಅಂತಲ್ಲ. ಕಾಗದ ಓದದೆ ಹೋದವರು ಎಲ್ಲರಿಗೂ ಗೊತ್ತಿರುವುದನ್ನೇ ಕೇಳಿ ಹಿರಿಯರ ಸಮಯ ಹಾಳು ಮಾಡುತ್ತಾರೆ.

ಬಾಸೆಲ್ ಮಿಷನ್ನಿನ ದಾಖಲೆಗಳು ಬಾಸೆಲ್‌ನಲ್ಲಿವೆ. ಗೋಲ್ಡ್ ಕೋಸ್ಟಿನ ವರದಿಗಳೂ ನಮ್ಮ ಕರಾವಳಿಯ ವರದಿಗಳೂ ಒಂದೇ ಆರ್ಕೈವಿನಲ್ಲಿ. ಅವರ ಹಳೆಯ ಫೋಟೋಗಳನ್ನು ಇಂಟರ್‌ನೆಟ್‌ನಲ್ಲಿ ನೋಡಬಹುದು. ಇಂಥ ಒಂದೆರಡು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಫೋಟೋ ಕೈಗೆ ಕೊಟ್ಟ ಕೂಡಲೇ ಪ್ರಶ್ನೆಯೇ ಇಲ್ಲದೆ ಮಾತು ಹೊರಡುತ್ತದೆ. ಆಕ್ರಾದ ರಾಷ್ಟ್ರೀಯ ದಾಖಲೆಗಳ ಇಲಾಖೆ, ಅಕ್ರೊಪಾಂಗ್‌ನಲ್ಲೇ ಇರುವ ಅಕ್ರೋಫಿ-ಕ್ರಿಸ್ಟಾಲರ್ ಸಂಸ್ಥೆಯ ಗ್ರಂಥಾಲಯ, ಸಭೆಯ ನಡಾವಳಿ ಪುಸ್ತಕ, ದೀಕ್ಷಾಸ್ನಾನದ ರಿಜಿಸ್ಟರ್, ಇವನ್ನೂ ನೋಡಿ. ಆಫ್ರಿಕಾದ ಕ್ರೈಸ್ತರ ಜೀವನಚರಿತ್ರೆಗಳ ಉಚಿತ ಆನ್‌ಲೈನ್ ಕೋಶವೊಂದನ್ನು ಬಾಸ್ಟನ್ ವಿಶ್ವವಿದ್ಯಾಲಯ ನಡೆಸುತ್ತದೆ. ಅದರ ಹಲವು ಬರಹಗಳಿಗೆ ಸಂದರ್ಶನಗಳೇ ಆಧಾರ. ಯಾರ ಬಗ್ಗೆ ಆಗಲೇ ಬರೆದಾಗಿದೆ ಅಂತ ಅಲ್ಲಿ ಮೊದಲು ನೋಡಿಕೊಳ್ಳಿ.

ಘಾನಾದಲ್ಲಿ ಇನ್ನೊಂದು ಸೊಗಸಾದ ಆಕರ ಇದೆ: ಶವಸಂಸ್ಕಾರದ ದಿನ ಹಂಚುವ ಪುಸ್ತಿಕೆ. ಬಣ್ಣದ ಫೋಟೋ, ಜೀವನಚರಿತ್ರೆ, ಮಕ್ಕಳು ಬರೆದ ಸ್ಮರಣೆ, ಚರ್ಚಿನವರ ಶ್ರದ್ಧಾಂಜಲಿ ಎಲ್ಲ ಇರುತ್ತದೆ. ಮನೆಮನೆಯಲ್ಲಿ ಇವುಗಳ ಕಟ್ಟು ಸಿಗುತ್ತದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆದಿರುತ್ತಾರೆ, ನಿಜ. ಆದರೂ ಹುಟ್ಟಿದೂರು, ಓದಿದ ಶಾಲೆ, ವರ್ಗವಾದ ಸಭೆಗಳು ಸಾಲಾಗಿ ಸಿಗುತ್ತವೆ.

ಮಿಷನರಿ ವರದಿ ಓದುವಾಗ ಒಂದು ವಿಷಯ ಮರೆಯಬೇಡಿ. ಅವರು ಬರೆಯುತ್ತಿದ್ದದ್ದು ಯುರೋಪಿನಲ್ಲಿ ಕೂತ ಮೇಲಧಿಕಾರಿಗಳಿಗೆ, ದುಡ್ಡು ಕೊಡುವವರಿಗೆ. ಯಾರಿಗೆ ದೀಕ್ಷೆ ಆಯಿತು ಅಂತ ಬರೆಯುತ್ತಾರೆ. ಅವರನ್ನು ಚರ್ಚಿಗೆ ಕರೆತಂದ ಉಪದೇಶಿಯ ಹೆಸರು ಎಷ್ಟೋ ಸಲ ಬಿಟ್ಟೇ ಹೋಗಿರುತ್ತದೆ.

ಮನೆಗೆ ಹೋಗುವ ರೀತಿ

ಟ್ವಿ ಮಾತಾಡುವ ಇಲ್ಲಿಯ ಆಕಾನ್ ಜನರ ಮನೆಗೆ ಹೋದರೆ ನೇರವಾಗಿ ವಿಷಯಕ್ಕೆ ಬರುವ ಹಾಗಿಲ್ಲ. ಕೂರಿಸುತ್ತಾರೆ, ನೀರು ಕೊಡುತ್ತಾರೆ. ಆಮೇಲೆ 'ಅಮನ್ನೆ' ಕೇಳುತ್ತಾರೆ, ಅಂದರೆ ಏನು ಬಂದಿರಿ, ದಾರಿಯಲ್ಲಿ ಎಲ್ಲ ಕ್ಷೇಮವೇ ಅಂತ. ಮೊದಲು 'ಇಲ್ಲಿ ಎಲ್ಲ ಶಾಂತವಾಗಿದೆ' ಅನ್ನುವ ಮಾತು ಆಗಬೇಕು, ನಂತರ ಬಂದ ಕಾರಣ. ನಮ್ಮ ಹಳ್ಳಿಗಳಲ್ಲಿ ನೀರು ಬೆಲ್ಲ ಕೊಟ್ಟು ಮಾತಾಡಿಸಿದ ನಂತರವೇ 'ಏನ್ ಬಂದ್ರಿ' ಅನ್ನುವವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಜೊತೆಗೆ ಬಂದ ಸ್ಥಳೀಯರೇ ನಿಮ್ಮ ಪರವಾಗಿ ಇದನ್ನು ಹೇಳಲಿ. ಅರಮನೆಗೆ ಹೋದರೆ ಅರಸರ ಜೊತೆ ಮಾತು ನಡೆಯುವುದು ಅವರ ವಕ್ತಾರರ ಮೂಲಕ. ಎಡಗೈಯಲ್ಲಿ ಏನನ್ನೂ ಕೊಡಬೇಡಿ, ಇದು ನಮಗೆ ಹೇಳಿಕೊಡಬೇಕಿಲ್ಲ.

ಅರಮನೆಗೆ ಮದ್ಯದ ಬಾಟಲಿ ಒಯ್ಯುವುದು ಅಲ್ಲಿಯ ರೂಢಿ. ಚರ್ಚಿನ ಹಿರಿಯರ ಮನೆಗೆ ಅದೇ ಬಾಟಲಿ ಒಯ್ದರೆ ಮುಜುಗರ ಆಗಬಹುದು. ಏನು ಒಯ್ಯಬೇಕು ಅಂತ ಜೊತೆಗಾರರನ್ನು ಮೊದಲೇ ಕೇಳಿ. ಉಡುಗೊರೆ ಕೊಡಿ, ಆದರೆ 'ಗಂಟೆಗೆ ಇಷ್ಟು' ಅಂತ ದುಡ್ಡು ಬೇಡ. ದುಡ್ಡಿನ ಲೆಕ್ಕ ಬಂದರೆ ಕಥೆ ಉದ್ದವಾಗುತ್ತಾ ಹೋಗುತ್ತದೆ.

ಸಭಾಪಾಲಕರ ಮತ್ತು ಹಿರಿಯರ ಮಂಡಳಿಯ ಅನುಮತಿ ಮೊದಲು ಪಡೆಯಿರಿ. ಆದರೆ ಅವರು ಕೊಟ್ಟ ಹೆಸರುಗಳ ಪಟ್ಟಿಯಲ್ಲೇ ನಿಲ್ಲಬೇಡಿ.

ಯಾರನ್ನು ಕೇಳಬೇಕು?

ಪಾದ್ರಿಗಳು ಚೆನ್ನಾಗಿ ಮಾತಾಡುತ್ತಾರೆ. ಅದೇ ಕಷ್ಟ. ಅವರ ಮಾತು ಪುಸ್ತಿಕೆಯ ಮಾತಿನ ಹಾಗಿರುತ್ತದೆ. ಗಂಟೆ ಹೊಡೆಯುತ್ತಿದ್ದವರು, ಹಾಡುವ ತಂಡದ ಹಿರಿಯ ಹೆಂಗಸರು, ಉಪದೇಶಿಯ ಮಕ್ಕಳು, ಚರ್ಚ್ ಬಿಟ್ಟು ಪೆಂಟೆಕೋಸ್ಟಲ್ ಸಭೆಗೆ ಹೋದವರು, ಎಂದೂ ಚರ್ಚಿಗೆ ಸೇರದ ಅಣ್ಣತಮ್ಮಂದಿರು, ಇವರನ್ನೆಲ್ಲ ಹುಡುಕಿ.

ಒಂದು ಗುಂಪಿನ ಮೇಲೆ ವಿಶೇಷ ಗಮನ ಇರಲಿ. ಬಾಸೆಲ್ ಮಿಷನ್ ಕ್ರೈಸ್ತರಿಗಾಗಿ ಊರಿನ ಪಕ್ಕ 'ಸೇಲಂ' ಅನ್ನುವ ಪ್ರತ್ಯೇಕ ಕೇರಿ ಕಟ್ಟಿಸಿತು. ಬಹುಪತ್ನಿತ್ವಕ್ಕೆ ಅಲ್ಲಿ ಜಾಗ ಇರಲಿಲ್ಲ. ಹಾಗಾದರೆ ಎರಡನೇ ಹೆಂಡತಿ ಎಲ್ಲಿ ಹೋದಳು? ಪ್ರಭುಭೋಜನಕ್ಕೆ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಸೇರಿದವರ ಪಟ್ಟಿಯಲ್ಲಿ ಅಂಥವಳ ಹೆಸರು ಹುಡುಕಿದರೆ ಸಿಗದೇ ಹೋಗಬಹುದು. ಆದರೆ ಅವಳು ಚರ್ಚಿನ ಹಿಂದಿನ ಸಾಲಿನಲ್ಲಿ ಕೂತಿದ್ದಳಾ, ಕೊಯ್ಲಿನ ಹಬ್ಬಕ್ಕೆ ಯಾಮ್ ಗಡ್ಡೆ ತಂದಳಾ, ಮಕ್ಕಳನ್ನು ಮಿಷನ್ ಶಾಲೆಗೆ ಕಳಿಸಿದಳಾ? ಇದಕ್ಕೆ ಉತ್ತರ ಇದ್ದರೆ ಅವಳ ಮೊಮ್ಮಗಳ ಬಾಯಲ್ಲಿ ಮಾತ್ರ ಇದೆ. ನನ್ನನ್ನು ಕೇಳಿದರೆ, ಇಡೀ ಕೆಲಸದಲ್ಲಿ ಒಂದೇ ಸಂದರ್ಶನಕ್ಕೆ ಸಮಯ ಇದ್ದರೂ ಆ ಮೊಮ್ಮಗಳನ್ನೇ ಹುಡುಕಬೇಕು.

ಸಂಬಂಧದ ಹೆಸರುಗಳನ್ನು ಕೇಳುವಾಗ ಹುಷಾರು. ಆಕಾನ್ ಜನರ ರೂಢಿಯಲ್ಲಿ ಆಸ್ತಿ, ಪಟ್ಟ ತಾಯಿಯ ಕಡೆಯಿಂದ ಹೋಗುತ್ತದೆ. ಸೋದರಮಾವನಿಂದ ಅಳಿಯನಿಗೆ. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಬೇಗ ಅರ್ಥ ಆಗುತ್ತದೆ, ಅಲ್ವಾ? ಕ್ರೈಸ್ತನಾದ ಗಂಡ ತೀರಿಹೋದರೆ ಹೆಂಡತಿ ಮಕ್ಕಳಿಗೆ ಪಾಲು ಸಿಗಬೇಕು ಅಂತ ಮಿಷನ್ ಹೇಳಿತು, ಮನೆತನ ಒಪ್ಪಲಿಲ್ಲ. ಈ ಜಗಳ ಎಷ್ಟೋ ಕುಟುಂಬಗಳಲ್ಲಿ ಇನ್ನೂ ಬಿಸಿಯಾಗಿದೆ. ಅದರ ಬಗ್ಗೆ ಇಬ್ಬರನ್ನು ಕೇಳಿ: ಮಗನ ಕಡೆಯವರನ್ನು, ಅಳಿಯನ ಕಡೆಯವರನ್ನು.

ಎದುರು ಕೂತು ಕೇಳುವುದು

'ನಿಮ್ಮ ಸಭೆಯ ಇತಿಹಾಸ ಹೇಳಿ' ಅಂದರೆ ಭಾಷಣ ಬರುತ್ತದೆ. ಬದಲಿಗೆ ಬೆಳಗ್ಗೆಯಿಂದ ಶುರು ಮಾಡಿ. 'ನೀವು ಚಿಕ್ಕವರಿದ್ದಾಗ ಭಾನುವಾರ ಬೆಳಗ್ಗೆ ಮನೆಯಲ್ಲಿ ಏನೇನು ನಡೀತಿತ್ತು?' ಬಟ್ಟೆ, ಚಪ್ಪಲಿ, ಕಾಣಿಕೆಯ ಕಾಸು, ಯಾರು ಯಾರ ಪಕ್ಕ ಕೂರುತ್ತಿದ್ದರು, ತಡವಾಗಿ ಬಂದರೆ ಏನಾಗುತ್ತಿತ್ತು. ಇಲ್ಲಿಂದ ಶಿಸ್ತು, ವರ್ಗ, ಹೆಣ್ಣು ಗಂಡಿನ ಜಾಗ ಎಲ್ಲ ತಾನಾಗಿ ಹೊರಬರುತ್ತದೆ.

ಇಸವಿ ಕೇಳಬೇಡಿ. ಘಟನೆ ಕೇಳಿ. ಆಕ್ರಾದ ದೊಡ್ಡ ಭೂಕಂಪ 1939ರ ಜೂನ್‌ನಲ್ಲಿ. ಕೋಕೋ ಬೆಳೆಗಾರರು ಮಾರಾಟ ನಿಲ್ಲಿಸಿದ್ದು 1937-38ರಲ್ಲಿ. ಸ್ವಾತಂತ್ರ್ಯ 1957ರ ಮಾರ್ಚ್ 6ಕ್ಕೆ. ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಅವರ ಸರ್ಕಾರ ಉರುಳಿದ್ದು 1966ರ ಫೆಬ್ರವರಿಯಲ್ಲಿ. ಬರ, ಕಾಡ್ಗಿಚ್ಚು, ಹಸಿವು, ನೈಜೀರಿಯಾದಿಂದ ಹೊರದೂಡಲ್ಪಟ್ಟು ಬಂದ ಜನ ಎಲ್ಲ ಒಟ್ಟಿಗೆ ಬಂದದ್ದು 1983ರಲ್ಲಿ. 'ಹಸಿವಿನ ವರ್ಷಕ್ಕೆ ಮೊದಲಾ, ಆಮೇಲಾ?' ಅಂದರೆ ತಕ್ಷಣ ಉತ್ತರ ಬರುತ್ತದೆ. ಅಕ್ರೊಪಾಂಗ್‌ನಲ್ಲಿ ಪ್ರತಿ ವರ್ಷದ ಒಡ್ವಿರಾ ಹಬ್ಬವೂ ಒಂದು ಗುರುತು. ತಿಂಗಳು ನೆನಪಿಲ್ಲದವರಿಗೂ ಹಬ್ಬದ ಹಿಂದೆ ಮುಂದೆ ನೆನಪಿರುತ್ತದೆ.

ಹೆಸರುಗಳು ಇನ್ನೊಂದು ಗೋಜಲು. ಕೋಫಿ ಅಂದರೆ ಶುಕ್ರವಾರ ಹುಟ್ಟಿದ ಗಂಡು. ಕ್ವಾಮೆ ಶನಿವಾರದವನು, ಅಕೊಸುವಾ ಭಾನುವಾರದವಳು, ಯಾ ಗುರುವಾರದವಳು. ಒಂದು ಸಭೆಯಲ್ಲಿ ಕೋಫಿಗಳು ಎಷ್ಟು ಬೇಕಾದರೂ ಇರಬಹುದು. ಅದರ ಮೇಲೆ ದೀಕ್ಷೆಯ ಹೆಸರು, ಅಡ್ಡಹೆಸರು ಬೇರೆ. ಮಿಷನರಿ ಆಂಡ್ರಿಯಾಸ್ ರೀಸ್ 1835ರಲ್ಲಿ ಅಕ್ರೊಪಾಂಗ್‌ಗೆ ಬಂದು ಮನೆ ಕಟ್ಟಿದ್ದಕ್ಕೆ ಜನ 'ಒಸಿಯಾದಾನ್', ಮನೆ ಕಟ್ಟುವವ, ಅಂತ ಕರೆದರು. ಒಬ್ಬ ವ್ಯಕ್ತಿಯ ಎಲ್ಲ ಹೆಸರುಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ. ಇಲ್ಲದಿದ್ದರೆ ಒಬ್ಬನೇ ಮನುಷ್ಯ ನಿಮ್ಮ ಪುಸ್ತಕದಲ್ಲಿ ಮೂವರಾಗುತ್ತಾನೆ.

ಮಾತು ನಿಂತಾಗ ಸುಮ್ನೆ ಇರಿ. ಮೌನವನ್ನು ಮುಂದಿನ ಪ್ರಶ್ನೆಯಿಂದ ತುಂಬಬೇಡಿ.

ಹಾಡನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಿ

ಘಾನಾದ ಮೆಥಡಿಸ್ಟ್ ಸಭೆಗಳಲ್ಲಿ, ಕರಾವಳಿಯ ಫಾಂಟೆ ಜನರ ಹೆಂಗಸರು ಹಾಡುವ 'ಎಬಿಬಿಂಡ್ವೊಮ್' ಅನ್ನುವ ಪದಗಳಿವೆ. ಸ್ತೋತ್ರ ಪುಸ್ತಕ ಓದಲು ಬಾರದ ಹೆಂಗಸರು ತಮ್ಮ ಧಾಟಿಯಲ್ಲಿ ಕಟ್ಟಿದವು. ಪಾದ್ರಿಯ ಉಪದೇಶದ ನಡುವೆಯೇ ಒಬ್ಬಳು ಹಾಡು ಎತ್ತುತ್ತಾಳೆ, ಉಳಿದವರು ಸೊಲ್ಲು ಸೇರಿಸುತ್ತಾರೆ.

ಪಕ್ಕದ ಐವರಿ ಕೋಸ್ಟಿನಲ್ಲಿ ಇದು ಇನ್ನೂ ಮುಖ್ಯ. ಲೈಬೀರಿಯಾದ ವಿಲಿಯಂ ವೇಡ್ ಹ್ಯಾರಿಸ್ 1913ರಲ್ಲಿ ಬಿಳಿ ನಿಲುವಂಗಿ, ಬಿದಿರಿನ ಶಿಲುಬೆ, ಸೋರೆಬುರುಡೆಯ ಗಿಲಕಿ ಹಿಡಿದು ಕರಾವಳಿಯಲ್ಲಿ ಸಾರುತ್ತಾ ಹೋದರು. ಒಂದು ಲಕ್ಷದಷ್ಟು ಜನ ಅವರಿಂದ ದೀಕ್ಷೆ ಪಡೆದರು ಅನ್ನುವುದು ಅಂದಾಜು. 1914ರ ಕೊನೆಗೆ ಫ್ರೆಂಚರು ಅವರನ್ನು ಹಿಡಿದು ಗಡೀಪಾರು ಮಾಡಿದರು. ಜನರಿಗೆ ಅವರು ಹೇಳಿದ್ದು: ನಿಮ್ಮ ಹಾಡುಗಳನ್ನೇ ಬಳಸಿ, ಮಾತು ಮಾತ್ರ ದೇವರಿಗೆ ತಕ್ಕ ಹಾಗೆ ಬದಲಿಸಿ. ಹತ್ತು ವರ್ಷದ ನಂತರ ಮೆಥಡಿಸ್ಟ್ ಮಿಷನರಿಗಳು ಬಂದಾಗ ಪಾದ್ರಿಯೇ ಇಲ್ಲದೆ ನಡೆಯುತ್ತಿದ್ದ ಸಭೆಗಳು ಸಿಕ್ಕವು. ಅಂಥ ಸಭೆಯ ಮೊದಲ ವರ್ಷಗಳ ನಂಬಿಕೆ ಏನಿತ್ತು ಅಂತ ತಿಳಿಯಲು ಹಾಡಿಗಿಂತ ಒಳ್ಳೆಯ ಆಕರ ಇಲ್ಲ.

ಹಾಡು ಸಿಕ್ಕರೆ ಮೂರು ವಿಷಯ ಬರೆದುಕೊಳ್ಳಿ: ಯಾರಿಂದ ಕಲಿತದ್ದು, ಯಾವ ಸಂದರ್ಭದಲ್ಲಿ ಹಾಡುವುದು, ಯಾವ ಸಾಲು ಈಗ ಬಿಟ್ಟುಹೋಗಿದೆ.

ಕೇಳಬಾರದ ಪ್ರಶ್ನೆ

'ನಿಮ್ಮ ಮನೆತನದ ಮೂಲ ಯಾವುದು?' ನಮಗೆ ಇದು ಸಾಮಾನ್ಯ ಪ್ರಶ್ನೆ. ಅಲ್ಲಿ ಹಾಗಲ್ಲ. ಒಬ್ಬರ ಮೂಲವನ್ನು ಇನ್ನೊಬ್ಬರು ಬಯಲು ಮಾಡಬಾರದು ಅನ್ನುವುದು ಆಕಾನ್ ಜನರ ಹಳೆಯ ಕಟ್ಟಳೆ. ಕಾರಣ ಗುಲಾಮಗಿರಿ. ಕೊಂಡು ತಂದವರು, ಒತ್ತೆಯಾಗಿ ಬಂದವರು ಮನೆತನದೊಳಗೆ ಬೆರೆತು ಹೋಗಿದ್ದಾರೆ. ಮಿಷನ್ನಿಗೆ ಮೊದಮೊದಲು ಸೇರಿದವರಲ್ಲಿ ಇಂಥವರೂ ಇದ್ದರು. 1860ರ ದಶಕದಲ್ಲಿ ಮಿಷನ್ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ಪಟ್ಟು ಹಿಡಿಯಿತು. ಆದ್ದರಿಂದ ಮಿಷನ್ ದಾಖಲೆಯಲ್ಲಿ ಯಾರದೋ ಮುತ್ತಜ್ಜಿ 'ಬಿಡುಗಡೆಯಾದ ದಾಸಿ' ಅಂತ ಬರೆದಿರಬಹುದು. ಆ ಕಾಗದ ನಿಮ್ಮ ಕೈಲಿದೆ ಅಂದ ಮಾತ್ರಕ್ಕೆ ಅದನ್ನು ಅವರ ಮೊಮ್ಮಕ್ಕಳ ಮುಂದೆ, ಅದೂ ನೆರೆಹೊರೆಯವರು ಕೂತಿರುವಾಗ, ಬಿಚ್ಚಬೇಡಿ. ಅವರೇ ಹೇಳಿದರೆ ಕೇಳಿ. ಹೇಳಿದ ಮೇಲೂ ಅಚ್ಚು ಮಾಡುವ ಮೊದಲು ಮತ್ತೊಮ್ಮೆ ಕೇಳಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುವ ಹಿರಿಯರು ಇರುತ್ತಾರೆ. ರೆಕಾರ್ಡಿಂಗ್ ಶುರುವಾದ ಕೂಡಲೇ ಅವರ ಒಪ್ಪಿಗೆಯನ್ನು ಅವರ ಭಾಷೆಯಲ್ಲೇ, ಅವರ ದನಿಯಲ್ಲೇ ಹಿಡಿದಿಡಿ. ಹೆಸರು ಹಾಕಬಹುದೇ, ಯಾವ ಭಾಗ ಗುಟ್ಟಾಗಿಡಬೇಕು, ಎಲ್ಲ ಅದರಲ್ಲೇ ಬರಲಿ.

ಯಂತ್ರ ಮತ್ತು ಬರಹ

ಇದನ್ನು ಬೇಗ ಮುಗಿಸುತ್ತೇನೆ. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಮೋನೋದಲ್ಲಿ ಗಂಟೆಗೆ ಸುಮಾರು 500 ಎಂಬಿ ಆಗುತ್ತದೆ. ಕಾಲರ್ ಮೈಕ್ ಇರಲಿ. ಕರೆಂಟು ಹೋಗುತ್ತಿರುತ್ತದೆ, ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ. ಅದೇ ರಾತ್ರಿ ಎರಡು ಕಡೆ ಕಾಪಿ ಮಾಡಿ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಆರೇಳು ಗಂಟೆ ಬೇಕಾಗಬಹುದು. ಟ್ವಿಯಲ್ಲಿ ಹೇಳಿದ್ದನ್ನು ಟ್ವಿಯಲ್ಲೇ ಬರೆಸಿ, ಅನುವಾದ ಪಕ್ಕದಲ್ಲಿ ಬರಲಿ. ಅಕ್ವಾಪೆಮ್ (ಅಕ್ರೊಪಾಂಗ್ ಸೀಮೆಯ) ಟ್ವಿ, ಅಶಾಂಟೆ ಟ್ವಿ ಬರವಣಿಗೆ ಬೇರೆ ಬೇರೆ. ಯಾವುದನ್ನು ಬಳಸುತ್ತೀರಿ ಅಂತ ಮೊದಲೇ ತೀರ್ಮಾನಿಸಿ.

ಕಥೆಯನ್ನು ಒರೆಗೆ ಹಚ್ಚುವುದು

ಅಕ್ರೊಪಾಂಗ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಒಂದಿದೆ. ವರ್ಷಗಟ್ಟಲೆ ದುಡಿದರೂ ಒಬ್ಬರೂ ಕ್ರೈಸ್ತರಾಗಲಿಲ್ಲ ಅಂತ ರೀಸ್ ಯುರೋಪಿಗೆ ವಾಪಸ್ ಹೊರಟರಂತೆ. ಆಗ ಅರಸ ಅಡ್ಡೊ ಡಾಂಕ್ವಾ ಹೇಳಿದರಂತೆ: ದೇವರು ಬಿಳಿಯರಿಗೆ ಪುಸ್ತಕ ಕೊಟ್ಟ, ನಮಗೆ ನಮ್ಮ ದೈವಗಳನ್ನು ಕೊಟ್ಟ, ಆ ಪುಸ್ತಕ ಓದಬಲ್ಲ ಕರಿಯನೊಬ್ಬನನ್ನು ತೋರಿಸಿದರೆ ನಾವೂ ಬರುತ್ತೇವೆ. ಅದಕ್ಕೇ ಮಿಷನ್ ಜಮೈಕಾಕ್ಕೆ ಹೋಗಿ, ಆಫ್ರಿಕನ್ ಮೂಲದ, ಮೊರೇವಿಯನ್ ಪಂಥದ ಕ್ರೈಸ್ತ ಕುಟುಂಬಗಳನ್ನು ಕರೆತಂದಿತು. ಸುಮಾರು ಇಪ್ಪತ್ತೈದು ಜನ 1843ರ ಏಪ್ರಿಲ್‌ನಲ್ಲಿ ಬಂದಿಳಿದರು. ಮಂಗಳೂರಿನಲ್ಲಿ ಅದೇ ಮಿಷನ್ನಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ್ದು ಅದೇ ವರ್ಷದ ಜುಲೈನಲ್ಲಿ.

ಜಮೈಕನ್ನರು ಬಂದದ್ದು ದಾಖಲೆಯಲ್ಲಿದೆ. ಅವರ ವಂಶದವರು ಕ್ಲರ್ಕ್, ಹಾಲ್, ಮಿಲ್ಲರ್, ರಾಚೆಸ್ಟರ್ ಅನ್ನುವ ಮನೆತನದ ಹೆಸರುಗಳಲ್ಲಿ ಈಗಲೂ ಇದ್ದಾರೆ. ಪ್ರಶ್ನೆ ಅರಸರ ಮಾತಿನ ಬಗ್ಗೆ. ಅದು ತೀರಾ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮುಂದೆ ನಡೆದದ್ದಕ್ಕೆಲ್ಲ ಒಂದೇ ವಾಕ್ಯದಲ್ಲಿ ಕಾರಣ ಕೊಡುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಮಾತು ಎದುರಾದರೆ ನಾಲ್ಕು ಕಡೆ ಹೋಗಿ. ಅರಮನೆಯಲ್ಲಿ ಹೇಗೆ ಹೇಳುತ್ತಾರೆ, ಪಾದ್ರಿ ಹೇಗೆ ಹೇಳುತ್ತಾರೆ, ಜಮೈಕಾ ಮನೆತನದವರು ಹೇಗೆ ಹೇಳುತ್ತಾರೆ, ಅದೇ ಕಾಲದ ಮಿಷನ್ ಪತ್ರಗಳಲ್ಲಿ ಏನಿದೆ. ಅರಮನೆಯ ಕಥೆಯಲ್ಲಿ ಅರಸರೇ ಚರ್ಚಿಗೆ ದಾರಿ ಮಾಡಿಕೊಟ್ಟವರು ಅಂತ ಬಂದರೆ, ಪಾದ್ರಿಯ ಕಥೆಯಲ್ಲಿ ರೀಸ್ ಅವರ ತಾಳ್ಮೆ ದೊಡ್ಡದಾದರೆ, ಜಮೈಕಾ ಮನೆಯಲ್ಲಿ ಮಾವಿನ ಗಿಡ ತಂದದ್ದೇ ಮುಖ್ಯ ವಿಷಯವಾದರೆ, ಯಾರದು ಸುಳ್ಳು ಅಂತ ಹುಡುಕಲು ಹೋಗಬೇಡಿ. ಇದೇ ನಿಮಗೆ ಸಿಕ್ಕ ಇತಿಹಾಸ: ಒಂದು ಚರ್ಚು ಯಾರದು ಅನ್ನುವುದರ ಮೇಲೆ ಮೂರು ಹಕ್ಕು. ಮೂರನ್ನೂ ಬರೆಯಿರಿ. ಯಾವುದು ಎಲ್ಲಿ ಕೇಳಿದ್ದು ಅಂತ ಪಕ್ಕದಲ್ಲೇ ಹೇಳಿ. ಅಂಚಿನ 'ಕಂ', 'ಕೇ', 'ಓ' ಈಗ ಉಪಯೋಗಕ್ಕೆ ಬರುತ್ತದೆ. ಎಲ್ಲ ಹೇಳಿಕೆಗಳೂ ಒಂದೇ ಪುಸ್ತಿಕೆಯಿಂದ ಬಂದಿದ್ದರೆ ನಾಲ್ಕು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ.

ಕಾಗದದ ಕಡೆಯೇ ಹೆಚ್ಚು ಅನುಮಾನ ಪಡಬೇಕಾದ ಸಂದರ್ಭಗಳೂ ಇವೆ. ಬೆಲ್ಜಿಯನ್ ಕಾಂಗೋದ ಸೈಮನ್ ಕಿಂಬಾಂಗು 1921ರ ಏಪ್ರಿಲ್‌ನಲ್ಲಿ ಎನ್‌ಕಾಂಬಾದಲ್ಲಿ ರೋಗಿಗಳನ್ನು ಗುಣಪಡಿಸಲು ಶುರು ಮಾಡಿದರು. ಸೆಪ್ಟೆಂಬರಿನಲ್ಲಿ ಸೆರೆಯಾದರು. ಮರಣದಂಡನೆ ಜೀವಾವಧಿಯಾಗಿ, ಮೂವತ್ತು ವರ್ಷ ಜೈಲಿನಲ್ಲಿದ್ದು 1951ರಲ್ಲಿ ತೀರಿಕೊಂಡರು. ಅವರ ಚರ್ಚಿಗೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು 1959ರಲ್ಲಿ. ನಡುವಿನ ಕಾಲದಲ್ಲಿ ಗುಟ್ಟಾಗಿ ಸಭೆ ಸೇರುತ್ತಿದ್ದವರು, ಅವರಲ್ಲಿ ಮುಖ್ಯವಾಗಿ ಕಿಂಬಾಂಗು ಅವರ ಹೆಂಡತಿ ಮಾರಿ ಮುಯಿಲು, ನಡಾವಳಿ ಬರೆದಿಡುವ ಸ್ಥಿತಿಯಲ್ಲಿ ಇರಲಿಲ್ಲ. ಬರೆದಿಟ್ಟವರು ಅವರ ಮೇಲೆ ಕಣ್ಣಿಟ್ಟಿದ್ದ ಅಧಿಕಾರಿಗಳು. ಅಲ್ಲಿ ಸಭೆಯ ಒಳಗಿನ ಬದುಕಿಗೆ ಬಾಯಿಮಾತೇ ಮೊದಲ ಆಕರ, ಸರ್ಕಾರಿ ಕಡತ ಎರಡನೆಯದು.

ಹಿಂದಿರುಗಿಸುವುದು

ಬರಹ ಸಿದ್ಧವಾದ ಮೇಲೆ ಮತ್ತೆ ಅದೇ ಮನೆಗೆ ಹೋಗಿ, ಹೇಳಿದವರಿಗೆ ಓದಿ ಹೇಳಿ. ತಿದ್ದಿದ್ದನ್ನು ಹಳೆಯ ಬರಹದ ಮೇಲೆ ಬರೆಯಬೇಡಿ, ಪಕ್ಕದಲ್ಲಿ ತಾರೀಖು ಹಾಕಿ ಸೇರಿಸಿ. ಯಾಕೆ ತಿದ್ದಿದರು ಅನ್ನುವುದೂ ಒಂದು ಮಾಹಿತಿ. ಧ್ವನಿಯ ಒಂದು ಪ್ರತಿ ಮನೆಯವರಿಗೆ, ಫೋನಿನಲ್ಲಿ ಕೇಳುವ ಹಾಗೆ ಎಂಪಿ3ಯಲ್ಲಿ. ಒಂದು ಪ್ರತಿ ಸಭೆಗೆ. ಒಂದು ಪ್ರತಿ ದೇಶದೊಳಗಿನ ಒಂದು ಗ್ರಂಥಾಲಯಕ್ಕೆ. ಬಾಸೆಲ್‌ಗೋ ಬಾಸ್ಟನ್‌ಗೋ ಮಂಗಳೂರಿಗೋ ಹೋಗುವುದು ಅದಾದ ಮೇಲೆ. ಪ್ರತಿ ಫೈಲಿನ ಜೊತೆ ಒಂದು ಪುಟ ಇರಲಿ: ಯಾರು, ಎಲ್ಲಿ, ಯಾವ ದಿನ, ಯಾವ ಭಾಷೆ, ಜೊತೆಗೆ ಯಾರು ಕೂತಿದ್ದರು, ದುಭಾಷಿ ಯಾರು, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಹೊರಗೆ ಬಿಡಬಾರದು ಅಂತ ಹೇಳಿದ್ದಾರೆ, ಎಷ್ಟು ವರ್ಷದವರೆಗೆ. ಈ ಪುಟ ಇಲ್ಲದ ರೆಕಾರ್ಡಿಂಗನ್ನು ಇಪ್ಪತ್ತು ವರ್ಷದ ನಂತರ ಯಾರೂ ಬಳಸಲಾರರು.